ಮಳೆಗಾಲದ ಹರಟೆ: ಹಾಕಿ ಇಲ್ಲದ ದಿನಗಳಲ್ಲಿ ಫೋನು, ಟೆಲಿಸ್ಕೋಪು

ರೈಟ್‌ಇನ್ನರ್ (ಹಾಸನ)
ಹಾಕಿ ಪ್ರೊ ಲೀಗ್ ಮುಗೀತು, ವಿಶ್ವಕಪ್‌ಗೆ ಆಗಸ್ಟ್ ಬರ್ಬೇಕು. ಮೈದಾನದ ತುಂಬ ನೀರು, ಸ್ಟಿಕ್ ಮೂಲೇಲಿ. ಅಲ್ಲೀವರೆಗೆ ಬೇರೆ ಮಾತಾಡೋಣ. ಎರಡು ಪ್ರಶ್ನೆ ಇದೆ.

ಒಂದು, ಎಂಟನೇ ಕ್ಲಾಸಿನ ಹುಡುಗಿಗೆ ಮೊದಲ ಟೆಲಿಸ್ಕೋಪ್ ಯಾವುದು ಸರಿ? ಆನ್‌ಲೈನ್‌ನಲ್ಲಿ 50 ಎಂಎಂ ಲೆನ್ಸಿಗೆ "450 ಪಟ್ಟು ದೊಡ್ಡದು" ಅಂತ ಬರೆದಿದಾರೆ, ಬೆಲೆಯೂ ಕಮ್ಮಿ. ಎರಡು, ಫೋನ್ ಬದಲಾಯಿಸ್ಬೇಕು. ಪೆನಾಲ್ಟಿ ಕಾರ್ನರ್ ವಿಡಿಯೋನೂ ಚೆನ್ನಾಗಿ ಬರ್ಬೇಕು, ಟೆಲಿಸ್ಕೋಪ್‌ಗೆ ಹಿಡಿದು ಚಂದ್ರನ ಫೋಟೋನೂ ತೆಗೀಬೇಕು.

ಪ್ಯಾಡ್ಸ್‌ಕಟ್ಟು
450 ಅಂತ ಪೆಟ್ಟಿಗೆ ಮೇಲೆ ಬರೆದಿದ್ರೆ ಆ ಪೆಟ್ಟಿಗೇನ ಮುಟ್ಟಲೇ ಬೇಡಿ. ಲೆಕ್ಕ ಸುಲಭ. ಟೆಲಿಸ್ಕೋಪಿನ ನಾಭಿದೂರವನ್ನ (ಬೆಳಕು ಒಂದೆಡೆ ಕೂಡೋ ದೂರ) ಐಪೀಸಿನ, ಅಂದ್ರೆ ಕಣ್ಣಿಡೋ ಲೆನ್ಸಿನ, ನಾಭಿದೂರದಿಂದ ಭಾಗಿಸಿದ್ರೆ ವರ್ಧನೆ ಸಿಗುತ್ತೆ. 600 ಎಂಎಂ ಕೊಳವೆಗೆ 4 ಎಂಎಂ ಐಪೀಸ್ ಹಾಕಿದ್ರೆ 150 ಪಟ್ಟು, ಅದರ ಮಧ್ಯೆ 3ಎಕ್ಸ್ ಬಾರ್ಲೋ (ವರ್ಧನೆ ಮೂರು ಪಟ್ಟು ಮಾಡೋ ಲೆನ್ಸ್) ತುರುಕಿದ್ರೆ 450. ಲೆಕ್ಕದಲ್ಲಿ ಸುಳ್ಳಿಲ್ಲ, ಕಣ್ಣಿಗೆ ಮಾತ್ರ ಏನೂ ಕಾಣಲ್ಲ. ಉಪಯೋಗಕ್ಕೆ ಬರೋ ವರ್ಧನೆ ಹೆಚ್ಚೆಂದ್ರೆ ಲೆನ್ಸಿನ ವ್ಯಾಸದ ಎರಡರಷ್ಟು. 50 ಎಂಎಂಗೆ 100 ಪಟ್ಟು, 70 ಎಂಎಂಗೆ 140, 130 ಎಂಎಂಗೆ 260. ಅದೂ ಗಾಳಿ ಅಲುಗಾಡದ ರಾತ್ರಿ. ಸಾಮಾನ್ಯ ರಾತ್ರಿಗಳಲ್ಲಿ ಅದರರ್ಧ ಸಿಕ್ಕಿದ್ರೆ ಸಾಕು ಅನ್ಕೊಳ್ಳಿ.

ಶನಿಯ ಬಳೆ ಕಾಣೋಕೆ 25–30 ಪಟ್ಟು ಸಾಕು ಕಣ್ರೀ. ಗುರುವಿನ ನಾಲ್ಕು ಚಂದ್ರರಿಗೆ ಅಷ್ಟೂ ಬೇಡ. ನೋಡ್ಬೇಕಾದ್ದು ವ್ಯಾಸ ಎಷ್ಟು, ಸ್ಟ್ಯಾಂಡ್ ಎಷ್ಟು ಗಟ್ಟಿ, ಅಷ್ಟೇ.

ಕಡೂರ್‌ತೆಂಗು
ಸ್ಟ್ಯಾಂಡ್ ವಿಷಯ ಬಂದಿದ್ದಕ್ಕೆ ಹೇಳ್ತೀನಿ, ನಮ್ಮ ಜಿಲ್ಲೆಗಳವರು ಇದನ್ನ ಗಮನಿಸಲೇಬೇಕು. ಚೀಲಗಟ್ಟಲೆ ಬಿಡಿಭಾಗ ಕೊಡೋ ಇಕ್ವಟೋರಿಯಲ್ ಮೌಂಟ್ (ಆಕಾಶ ತಿರುಗಿದ ಹಾಗೆ ಕೊಳವೇನೂ ತಿರುಗಿಸೋ ಸ್ಟ್ಯಾಂಡ್) ನೋಡೋಕೆ ಭಾರಿ ವೈಜ್ಞಾನಿಕವಾಗಿ ಕಾಣುತ್ತೆ. ಅದರ ಅಕ್ಷವನ್ನ ಧ್ರುವ ನಕ್ಷತ್ರಕ್ಕೆ ಗುರಿ ಇಡ್ಬೇಕು. ಹಾಸನ, ಚಿಕ್ಕಮಗಳೂರು ಎರಡೂ 13 ಡಿಗ್ರಿ ಅಕ್ಷಾಂಶದ ಆಸುಪಾಸು, ಹಾಗಾಗಿ ನಮಗೆ ಧ್ರುವ ಕಾಣೋದು ದಿಗಂತದಿಂದ 13 ಡಿಗ್ರಿ ಮೇಲೆ. ತೋಟದ ಸಿಲ್ವರ್ ಓಕ್ ಹಿಂದೆಯೋ, ಪಕ್ಕದ ಮನೆ ಟ್ಯಾಂಕಿನ ಹಿಂದೆಯೋ ಅಡಗಿರುತ್ತೆ. ಇನ್ನೊಂದು ತೊಂದರೆ ಯಂತ್ರದ್ದೇ. ಅಗ್ಗದ ಮೌಂಟ್‌ಗಳಲ್ಲಿ ಅಕ್ಷವನ್ನ 13 ಡಿಗ್ರಿಗೆ ಇಳಿಸಿದ್ರೆ ತೂಕದ ಕಂಬಿ ಟ್ರೈಪಾಡ್ ಕಾಲಿಗೆ ಬಡಿಯುತ್ತೆ. ಅವನ್ನ ಮಾಡಿರೋದು 40–50 ಡಿಗ್ರಿ ಅಕ್ಷಾಂಶದವರಿಗೆ.

ಅದಕ್ಕೇ ಡಾಬ್ಸೋನಿಯನ್ ತಗೊಳ್ಳಿ. ಮರದ ಪೀಠ, ಮೇಲೆ ಕನ್ನಡಿ ಇರೋ ಕೊಳವೆ. ಮೇಲೆ ಕೆಳಗೆ, ಎಡ ಬಲ, ಮುಗೀತು. 130 ಎಂಎಂ ವ್ಯಾಸ, 650 ಎಂಎಂ ನಾಭಿದೂರದ ಟೇಬಲ್‌ಟಾಪ್ ಡಾಬ್ಸೋನಿಯನ್ ಮಕ್ಕಳಿಗೆ ಹೇಳಿ ಮಾಡಿಸಿದ್ದು. ಜೊತೆಗೆ ಬರೋ 25 ಎಂಎಂ ಐಪೀಸಿಗೆ 26 ಪಟ್ಟು, 10 ಎಂಎಂಗೆ 65. ಆಮೇಲೆ ಒಂದು ಒಳ್ಳೆ 2ಎಕ್ಸ್ ಬಾರ್ಲೋ ಸೇರಿಸಿದ್ರೆ 130. ಎತ್ತರಕ್ಕೆ ಗಟ್ಟಿ ಸ್ಟೂಲ್ ಬೇಕು. ಪ್ಲಾಸ್ಟಿಕ್ ಸ್ಟೂಲ್ ಬೇಡ, ನಡುಗುತ್ತೆ. ದುಡ್ಡು ಅಷ್ಟಕ್ಕೆ ಬರಲ್ಲ ಅಂದ್ರೆ 70 ಎಂಎಂ ರಿಫ್ರ್ಯಾಕ್ಟರ್ (ಕನ್ನಡಿ ಬದಲು ಲೆನ್ಸಿನದು), ಸಾದಾ ಆಲ್ಟ್-ಆಜ್ (ಮೇಲೆ ಕೆಳಗೆ, ಎಡ ಬಲ ತಿರುಗೋ) ಸ್ಟ್ಯಾಂಡ್ ಇರೋದು. ಅದಕ್ಕಿಂತ ಚಿಕ್ಕದು ಬೇಡ.

ಇನ್ನೊಂದು ಎಚ್ಚರ. 127 ಎಂಎಂ ವ್ಯಾಸ, 1000 ಎಂಎಂ ನಾಭಿದೂರ ಅಂತ ಬರೆದಿರುತ್ತೆ, ಕೊಳವೆ ನೋಡಿದ್ರೆ ಅರ್ಧ ಮೀಟರ್. ಅಂದ್ರೆ ಫೋಕಸರ್ (ಐಪೀಸ್ ಕೂರಿಸಿ ಚಿತ್ರ ಸ್ಪಷ್ಟ ಮಾಡೋ ಭಾಗ) ಒಳಗೆ ಇನ್ನೊಂದು ಲೆನ್ಸ್ ಕೂರಿಸಿ ನಾಭಿದೂರ ಉದ್ದ ಮಾಡಿದಾರೆ. ಬರ್ಡ್-ಜೋನ್ಸ್ ವಿನ್ಯಾಸ ಅಂತಾರೆ. ಕಾಲಿಮೇಶನ್ (ಕನ್ನಡಿಗಳನ್ನ ನೇರಕ್ಕೆ ಹೊಂದಿಸೋದು) ಮಾಡೋದು ಹರಸಾಹಸ, ಚಿತ್ರವೂ ಮಂಕು.

ಮೂಡಿಗೆರೆಮಂಜು
ಎಂತ ಮಾರಾಯ್ರೇ, ಕೊಳ್ಳೋದು ಹೇಳ್ತಿದೀರಿ, ಇಡೋದು ಎಲ್ಲಿ ಅಂತ ಯಾರೂ ಹೇಳ್ಲಿಲ್ಲ. ಮಲೆನಾಡಲ್ಲಿ ಟೆಲಿಸ್ಕೋಪ್ ಹಾಳಾಗೋದು ಬಿದ್ದು ಅಲ್ಲ, ಬೂಷ್ಟು ಹಿಡಿದು. ಗಾಳಿಯ ತೇವ 60–65 ಶೇಕಡಾ ದಾಟಿ, ಕತ್ತಲೆ ಇದ್ದು, ಗಾಳಿ ಆಡದಿದ್ರೆ ಲೆನ್ಸ್ ಮೇಲೆ ಜೇಡರ ಬಲೆ ಥರ ಎಳೆ ಹಬ್ಬುತ್ತೆ. ಅದು ಬಿಡೋ ಆಮ್ಲ ಕೋಟಿಂಗ್ ತಿಂದು, ಗಾಜನ್ನೂ ಕೊರೆಯುತ್ತೆ. ಆಮೇಲೆ ಒರೆಸಿದ್ರೂ ಕಲೆ ಉಳಿಯುತ್ತೆ. ಐಪೀಸ್, ಬಾರ್ಲೋ ಒಳಗಿನ ಎರಡು ಗಾಜಿನ ನಡುವೆ ಹೊಕ್ಕಿದ್ರೆ ಮುಗೀತು.

ಮಾಡ್ಬೇಕಾದ್ದು ಇಷ್ಟು. ರಬ್ಬರ್ ಗ್ಯಾಸ್ಕೆಟ್, ಕ್ಲಿಪ್ ಇರೋ 25–30 ಲೀಟರ್ ಪ್ಲಾಸ್ಟಿಕ್ ಡಬ್ಬಿ. ಅದರೊಳಗೆ 250 ಗ್ರಾಂ ಸಿಲಿಕಾ ಜೆಲ್, ಬಟ್ಟೆ ಚೀಲದಲ್ಲಿ ಕಟ್ಟಿ. ಬಣ್ಣ ಬದಲಾಗೋ ಕಿತ್ತಳೆ ಜಾತಿಯದು ತಗೊಳ್ಳಿ. ನೀಲಿಯದ್ದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತೆ, ಮಕ್ಕಳಿರೋ ಮನೆಗೆ ಬೇಡ. ಒಂದು ಸಣ್ಣ ತೇವಮಾಪಕವನ್ನೂ ಒಳಗೆ ಹಾಕಿ. 40–50 ಶೇಕಡಾ ತೋರಿಸ್ಬೇಕು. 30ರ ಕೆಳಗೆ ಇಳಿಸಬೇಡಿ, ಗ್ರೀಸ್ ಒಣಗಿ ಫೋಕಸರ್ ಬಿಗಿಯುತ್ತೆ. ಜೆಲ್ ಬಣ್ಣ ಬಿಟ್ಟಾಗ 110–120 ಡಿಗ್ರಿಯಲ್ಲಿ ಒಂದೆರಡು ಗಂಟೆ ಓವನ್ನಲ್ಲಿಡಿ. ಓವನ್ ಇಲ್ದಿದ್ರೆ ದಪ್ಪ ತಳದ ಹಳೆ ಬಾಣಲೇಲಿ ಸಣ್ಣ ಉರಿ ಮೇಲೆ ಕೈಯಾಡಿಸ್ತಾ ಬಿಸಿ ಮಾಡಿ. ಆ ಬಾಣಲೇನ ಮತ್ತೆ ಅಡುಗೆಗೆ ತಗೋಬೇಡಿ. ಉರಿ ಜಾಸ್ತಿಯಾದ್ರೆ ಕಾಳು ಕಂದಾಗುತ್ತೆ, ಮತ್ತೆ ತೇವ ಹೀರಲ್ಲ.

ಡಬ್ಬಿಗೆ ಕರ್ಪೂರ, ನುಸಿಗುಳಿಗೆ ಹಾಕೋರಿದಾರೆ, ಬೇಡ. ಅದರ ಆವಿ ಗಾಜಿನ ಮೇಲೆ ಪದರ ಕಟ್ಟುತ್ತೆ. ಚರ್ಮದ ಚೀಲ, ಸ್ಪಂಜಿನ ಪೆಟ್ಟಿಗೆಯೂ ಬೇಡ. ಎರಡೂ ನೀರು ಕುಡಿದು ಕೂರ್ತವೆ. ಹಿಂದೆ ಬೀರುವಿನೊಳಗೆ 15 ವ್ಯಾಟ್ ಬಲ್ಬ್ ಉರಿಸಿ ಕ್ಯಾಮೆರಾ ಬೆಚ್ಚಗಿಡ್ತಿದ್ರು. ಈಗ ಅದೇ ಉಪಾಯ ಅಂತ ಎಲ್‌ಇಡಿ ಹಾಕಿದ್ರೆ ಬೆಳಕು ಬರುತ್ತೆ, ಬಿಸಿ ಬರಲ್ಲ!

ರೈಟ್‌ಇನ್ನರ್ (ಹಾಸನ)
ಅಷ್ಟುದ್ದದ ಕೊಳವೆ ಡಬ್ಬಿಗೆ ಹೋಗಲ್ವಲ್ಲ?

ಮೂಡಿಗೆರೆಮಂಜು
ಡಬ್ಬಿ ಐಪೀಸ್, ಬಾರ್ಲೋ, ಫೈಂಡರ್‌ಗೆ (ಗುರಿ ಹಿಡಿಯೋ ಸಣ್ಣ ಸಾಧನ). ಟೇಬಲ್‌ಟಾಪ್ ಕೊಳವೆ ಮಡಚೋ ಜಾತಿಯದಾದ್ರೆ ದೊಡ್ಡ ಡಬ್ಬಿಗೆ ಹೋಗುತ್ತೆ. ಉಳಿದದ್ದನ್ನ ಗೋಡೆಗೆ ತಾಗಿಸದೆ, ನೆಲದಿಂದ ಮೇಲೆ, ಗಾಳಿ ಆಡೋ ಕೋಣೇಲಿ ಬಾಯಿ ಕೆಳಗೆ ವಾಲಿಸಿ ಇಡಿ. ಕನ್ನಡಿಗೆ ಧೂಳು ಕಮ್ಮಿ. ಮುಖ್ಯವಾದ ಒಂದು ಮಾತು: ರಾತ್ರಿ ಮಂಜು ಬಿದ್ದು ಒದ್ದೆಯಾದ ಮೇಲೆ ಮುಚ್ಚಳ ಹಾಕಿ ಒಳಗೆ ತರಬೇಡಿ. ಮುಚ್ಚಳ ತೆಗೆದೇ ಒಳಗಿಟ್ಟು, ಬೆಳಿಗ್ಗೆ ಪೂರ್ತಿ ಆರಿದ ಮೇಲೆ ಮುಚ್ಚಿ.

ಡ್ರ್ಯಾಗ್‌ಫ್ಲಿಕ್_120
ಟೆಲಿಸ್ಕೋಪ್ ಬದಲು ಬೈನಾಕ್ಯುಲರ್ ತಗೊಂಡ್ರೆ ಮ್ಯಾಚಿಗೂ ಆಗುತ್ತೆ, ಆಕಾಶಕ್ಕೂ ಆಗುತ್ತೆ ಅಲ್ವಾ?

ಪ್ಯಾಡ್ಸ್‌ಕಟ್ಟು
ಆಗುತ್ತೆ, ಯಾವುದು ಅನ್ನೋದು ಲೆಕ್ಕ. 10x50 (10 ಪಟ್ಟು ವರ್ಧನೆ, 50 ಎಂಎಂ ಲೆನ್ಸ್) ಬೈನಾಕ್ಯುಲರಿನ ನೋಟ ಸುಮಾರು ಆರೂವರೆ ಡಿಗ್ರಿ. ಗ್ಯಾಲರಿಯಿಂದ 80 ಮೀಟರ್ ದೂರದ ಗೋಲಿಗೆ ಹಿಡಿದ್ರೆ ಅಡ್ಡಕ್ಕೆ 9 ಮೀಟರ್ ಕಾಣುತ್ತೆ. ಗೋಲ್ ಅಗಲ 3.66 ಮೀಟರ್, ಕೀಪರ್ ಜೊತೆಗೆ ಇಬ್ಬರು ಡಿಫೆಂಡರ್ ಕಾಣ್ತಾರೆ. ಆದ್ರೆ ಡಿ (ಗೋಲಿನ ಮುಂದಿನ ಅರ್ಧವೃತ್ತ) ಗೆರೆ ಗೋಲಿಂದ 14.63 ಮೀಟರ್ ದೂರ, ಪೆನಾಲ್ಟಿ ಕಾರ್ನರಲ್ಲಿ ಚೆಂಡು ಸ್ಟಾಪ್ ಮಾಡೋನೂ ಫ್ಲಿಕ್ ಮಾಡೋನೂ ನೋಟದ ಹೊರಗೇ ಇರಬಹುದು. 8x42ನಲ್ಲಿ ಎಂಟು ಡಿಗ್ರಿ, ಅಂದ್ರೆ 11 ಮೀಟರ್, ಕೈನಡುಕವೂ ಕಮ್ಮಿ. ಆಟ ಮೊದಲು, ಆಕಾಶ ಆಮೇಲೆ ಅನ್ನೋರಿಗೆ 8x42. ಆಕಾಶವೇ ಮುಖ್ಯ ಅಂದ್ರೆ 10x50, ಟ್ರೈಪಾಡ್ ಅಡಾಪ್ಟರ್ ಜೊತೆಗೆ. ಕೃತ್ತಿಕೆ, ದೇವಯಾನಿ ಗ್ಯಾಲಕ್ಸಿ, ವೃಶ್ಚಿಕದ ಬಾಲದ ಹತ್ತಿರದ ಗುಚ್ಛಗಳು ಚೆನ್ನಾಗಿ ಕಾಣ್ತವೆ. ಶನಿಯ ಬಳೆ ಬಿಡಿಬಿಡಿಯಾಗಿ ಕಾಣಲ್ಲ, ಅದನ್ನ ಮೊದಲೇ ಹೇಳಿಬಿಡಿ, ಇಲ್ದಿದ್ರೆ ಹುಡುಗಿ ಬೇಜಾರಾಗ್ತಾಳೆ.

ಟೆಲಿಸ್ಕೋಪಲ್ಲೇ ಮ್ಯಾಚ್ ನೋಡ್ತೀನಿ ಅನ್ನೋರಿಗೆ: ನ್ಯೂಟೋನಿಯನ್‌ನಲ್ಲಿ (ಡಾಬ್ಸೋನಿಯನ್ ಕೊಳವೆಯೂ ಇದೇ) ಕೀಪರ್ ತಲೆಕೆಳಗಾಗಿ ನಿಂತಿರ್ತಾನೆ.

ಹೇಮಾವತಿಎಡದಂಡೆ
ಫೋನ್ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ನಾನು ಹಿಡ್ಕೋತೀನಿ.

ಮೊದಲು ಹಾಕಿ ಆಟದ ವಿಷಯ. ಒಳ್ಳೆ ಡ್ರ್ಯಾಗ್ ಫ್ಲಿಕ್ (ಸ್ಟಿಕ್ಕಿನಿಂದ ಚೆಂಡನ್ನ ಎಳೆದು ಎಸೆಯೋ ಹೊಡೆತ) ಗಂಟೆಗೆ 120 ಕಿ.ಮೀ. ವೇಗದಲ್ಲಿ ಹೋಗುತ್ತೆ, ಅಂದ್ರೆ ಸೆಕೆಂಡಿಗೆ 33 ಮೀಟರ್. ಶಟರ್ 1/120 ಸೆಕೆಂಡ್ ತೆರೆದಿದ್ರೆ ಅಷ್ಟರಲ್ಲಿ ಚೆಂಡು 28 ಸೆಂ.ಮೀ. ಹೋಗಿರುತ್ತೆ, ಫೋಟೋದಲ್ಲಿ ಬಿಳಿ ಗೆರೆ. 1/1000ಕ್ಕೆ ಇಟ್ರೆ 3.3 ಸೆಂ.ಮೀ. ಚೆಂಡಿನ ವ್ಯಾಸವೇ ಏಳು ಸೆಂ.ಮೀ. ಚಿಲ್ಲರೆ, ಹಾಗಾಗಿ ಗುಂಡಗೇ ಕಾಣುತ್ತೆ. ಹಗಲು ಪ್ರೊ ಮೋಡ್‌ಗೆ ಹೋಗಿ ಶಟರ್ 1/1000, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಆಟೋ. ಫೋನ್ ತಾನಾಗೇ ಈ ಶಟರ್ ಹಾಕ್ಕೊಳ್ಳೋದು ಅಪರೂಪ.

ರಾತ್ರಿ ಫ್ಲಡ್‌ಲೈಟ್ ಕೆಳಗೆ ವಿಡಿಯೋ ತೆಗೆದ್ರೆ ಪಟ್ಟೆಪಟ್ಟೆ ಓಡುತ್ತಲ್ಲ, ಅದು ಕರೆಂಟಿಂದ. ನಮ್ಮದು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತೆ. ಶಟರ್ 1/50 ಅಥವಾ 1/100 ಇಟ್ಟು, ಸೆಕೆಂಡಿಗೆ 25 ಅಥವಾ 50 ಫ್ರೇಮ್‌ನಲ್ಲಿ ತೆಗೀರಿ, ಪಟ್ಟೆ ಹೋಗುತ್ತೆ. 60 ಫ್ರೇಮ್ ಇಟ್ಕೊಂಡು ಫೋನ್ ಸರಿ ಇಲ್ಲ ಅಂತ ಬೈಯೋರೇ ಜಾಸ್ತಿ. ಸೆಟ್ಟಿಂಗ್ಸಲ್ಲಿ ಪಾಲ್ ಅಥವಾ 50 ಹರ್ಟ್ಸ್ ಅಂತಿದ್ರೆ ಅದನ್ನ ಆನ್ ಮಾಡಿ. 50 ಫ್ರೇಮ್ ಇಲ್ಲದ ಫೋನ್‌ನಲ್ಲಿ ಶಟರ್ ಮಾತ್ರ 1/100ಕ್ಕೆ ಕಟ್ಟಿದ್ರೂ ಮುಕ್ಕಾಲು ಪಾಲು ಸರಿಹೋಗುತ್ತೆ.

ಕೊಳ್ಳುವಾಗ ಮೆಗಾಪಿಕ್ಸೆಲ್ ಬಿಡಿ. ನಿಜವಾದ ಟೆಲಿಫೋಟೋ ಲೆನ್ಸ್ ಇದೆಯಾ ನೋಡಿ. ಪಕ್ಕದ ಗೆರೆಯಿಂದ 40 ಮೀಟರ್ ದೂರಕ್ಕೆ 3ಎಕ್ಸ್ ಹಿಡಿದ್ರೆ ಅಡ್ಡಕ್ಕೆ 19 ಮೀಟರ್ ಬರುತ್ತೆ. ಪೂರ್ತಿ ಡಿ 33 ಮೀಟರ್, ಅದಕ್ಕೆ 2ಎಕ್ಸ್‌ಗಿಂತ ಹಿಂದೆ ಬರ್ಬೇಕು. ಗೋಲ್ ಹಿಂದೆ ನಿಂತು ಮಾತ್ರ ತೆಗೀಬೇಡಿ. ಬಲೆ ಇದ್ರೂ ಸರಿ, ಮೇಲೆ ಹಾರಿದ ಚೆಂಡು ನಿಮ್ಮ ಹಲ್ಲಿಗೇ ಬರೋದು.

ಡ್ರ್ಯಾಗ್‌ಫ್ಲಿಕ್_120
ಟೆಲಿಸ್ಕೋಪ್‌ಗೆ ಹಿಡಿಯೋಕೆ ಈ ಟೆಲಿಫೋಟೋ ಲೆನ್ಸ್ ಬೇಕಾ?

ಹೇಮಾವತಿಎಡದಂಡೆ
ಬೇಡ. ಐಪೀಸಿಗೆ ಮುಖ್ಯ ಕ್ಯಾಮೆರಾ, 1ಎಕ್ಸ್. ತೊಂದರೆ ಎಲ್ಲಿ ಬರುತ್ತೆ ಅಂದ್ರೆ, ಹತ್ತಿರದಲ್ಲಿ ಏನೋ ಇದೆ ಅಂತ ಫೋನ್ ತಾನೇ ಅಲ್ಟ್ರಾವೈಡ್‌ಗೆ ಹಾರುತ್ತೆ, ಪರದೆ ಕಪ್ಪಾಗುತ್ತೆ. ಮ್ಯಾಕ್ರೋ ಆಟೋ ಆಫ್ ಮಾಡಿ. ಫೋನನ್ನ ಐಪೀಸಿಗೆ ಕೂರಿಸೋಕೆ ಮೂರು ಕಡೆ ತಿರುಪು ಇರೋ ಅಡಾಪ್ಟರ್ ತಗೊಳ್ಳಿ. ಎರಡು ತಿರುಪಿನದರಲ್ಲಿ ಐಪೀಸಿಂದ ಫೋನಿನ ಲೆನ್ಸ್ ಎಷ್ಟು ದೂರ ಇರ್ಬೇಕು ಅನ್ನೋದನ್ನ ಹೊಂದಿಸೋಕಾಗಲ್ಲ, ಚಿತ್ರದ ಸುತ್ತ ಕಪ್ಪು ಉಂಗುರ ಬರುತ್ತೆ. ಹಗಲಲ್ಲೇ ದೂರದ ಟವರ್ ನೋಡ್ತಾ 25 ಎಂಎಂ ಐಪೀಸಿಗೆ ಕೂರಿಸಿ ಅಭ್ಯಾಸ ಮಾಡ್ಕೊಳ್ಳಿ.

ಚಂದ್ರನಿಗೆ ಐಎಸ್‌ಒ 50–100, ಶಟರ್ 1/125ರಿಂದ 1/250. ಫೋಕಸ್ ಮ್ಯಾನ್ಯುಯಲ್, ಅನಂತಕ್ಕೆ. ಬಟನ್ ಒತ್ತಿದ್ರೆ ಅಲುಗುತ್ತೆ, 3 ಸೆಕೆಂಡ್ ಟೈಮರ್ ಹಾಕಿ, ಇಲ್ಲ ವೈರಿನ ಇಯರ್‌ಫೋನ್‌ನ ವಾಲ್ಯೂಮ್ ಬಟನ್ ಒತ್ತಿ. ದೃಶ್ಯ ಗುರುತಿಸಿ ಚಂದ ಮಾಡೋ ಕೃತಕ ಬುದ್ಧಿಮತ್ತೆ ಆಯ್ಕೆ ಆಫ್ ಇರ್ಲಿ. ಇಲ್ದಿದ್ರೆ ನೀವು ತೆಗೆದ ಚಂದ್ರ ಯಾವುದು, ಫೋನ್ ಬರೆದದ್ದು ಯಾವುದು ತಿಳಿಯಲ್ಲ.

ಗುರು, ಶನಿಗೆ ಫೋಟೋ ಬೇಡ, ವಿಡಿಯೋ ತೆಗೀರಿ. ಗ್ರಹ ಬೆಳ್ಳಗೆ ಸುಟ್ಟ ಹಾಗೆ ಬರುತ್ತೆ, ಎಕ್ಸ್‌ಪೋಶರ್ ಇಳಿಸಿ. ಒಂದೂವರೆ ನಿಮಿಷ ಸಾಕು. ಗುರು ಹತ್ತು ಗಂಟೆಯೊಳಗೆ ಒಂದು ಸುತ್ತು ಹಾಕುತ್ತೆ, ಜಾಸ್ತಿ ತೆಗೆದ್ರೆ ಪಟ್ಟೆಗಳೇ ಕದಡ್ತವೆ. ಆ ವಿಡಿಯೋನ ಕಂಪ್ಯೂಟರಲ್ಲಿ ಪಿಪ್ ಅನ್ನೋ ಸಾಫ್ಟ್‌ವೇರ್‌ಗೆ ಹಾಕಿ ಗ್ರಹ ಮಧ್ಯಕ್ಕೆ ತಂದು, ಆಟೋಸ್ಟ್ಯಾಕರ್ಟ್‌ನಲ್ಲಿ ಒಳ್ಳೆ ಫ್ರೇಮ್‌ಗಳನ್ನ ಮಾತ್ರ ಆರಿಸಿ ಒಂದರ ಮೇಲೊಂದು ಜೋಡಿಸಿ, ರೆಜಿಸ್ಟ್ಯಾಕ್ಸ್‌ನಲ್ಲಿ ಹರಿತ ಮಾಡಿ. ಮೂರೂ ಪುಕ್ಕಟೆ.

ಕಡೂರ್‌ತೆಂಗು
ಫೋನ್ ತೂಕದ ಬಗ್ಗೆ ಒಂದು ಮಾತು. ಫೋನ್ 200 ಗ್ರಾಂ, ಅಡಾಪ್ಟರ್ ಇನ್ನೊಂದು ಅಷ್ಟು. ಸಣ್ಣ ಡಾಬ್ಸೋನಿಯನ್ ಮೂಗು ಕೆಳಗೆ ಹಾಕಿ ಬಿಡುತ್ತೆ. ಪಕ್ಕದ ಬಿಗಿತದ ನಾಬ್ ಸ್ವಲ್ಪ ತಿರುಗಿಸಿ, ಕೊಳವೆ ಕಬ್ಬಿಣದ್ದಾದ್ರೆ ಹಿಂದಕ್ಕೆ ಒಂದೆರಡು ಅಯಸ್ಕಾಂತ ಅಂಟಿಸಿ. ಮಡಚೋ ಮಾದರಿಗಳ ಫೋಕಸರ್ ತಿರುಗಿಸಿ ಹೊರಬರೋ ಜಾತಿಯದು, ಫೋನ್ ಹಾಕಿದ್ರೆ ಲೊಡಲೊಡ. ಪ್ಲಂಬರ್ ಬಳಸೋ ಬಿಳಿ ಟೆಫ್ಲಾನ್ ಟೇಪ್ ತಿರುಪಿನ ಎಳೆಗಳ ಮೇಲೆ ಒಂದೆರಡು ಸುತ್ತು ಹಾಕಿ ಮತ್ತೆ ಕೂರಿಸಿದ್ರೆ ಬಿಗಿ. ಅದೇ ಮಾದರಿಗಳಲ್ಲಿ ಮುಂದಿನ ಭಾಗ ತೆರೆದಿರುತ್ತೆ, ಬೀದಿ ದೀಪದ ಬೆಳಕು ಕನ್ನಡಿಗೆ ಬೀಳುತ್ತೆ. ಕಪ್ಪು ಕ್ರಾಫ್ಟ್ ಫೋಮ್ ಹಾಳೆ ಸುತ್ತಿ ಕ್ಲಿಪ್ ಹಾಕಿ. ಬೆಳಕೂ ತಡೆಯುತ್ತೆ, ಇಬ್ಬನಿಯೂ ತಡೆಯುತ್ತೆ.

ಮೂಡಿಗೆರೆಮಂಜು
ಸ್ಕೈ ಮ್ಯಾಪ್ ಆ್ಯಪ್ ಹಾಕ್ಕೊಳ್ಳೋರು ಫೋನಲ್ಲಿ ಗೈರೋಸ್ಕೋಪ್ (ಫೋನ್ ತಿರುಗೋದನ್ನ ಅಳೆಯೋ ಭಾಗ) ಇದೆಯಾ ಅಂತ ಮೊದಲು ನೋಡಿ. ಅಗ್ಗದ ಕೆಲವು ಫೋನ್‌ಗಳಲ್ಲಿ ಇರಲ್ಲ, ಆಕಾಶ ಜಿಗಿಜಿಗಿದು ತಿರುಗುತ್ತೆ. ಅಯಸ್ಕಾಂತದ ಕವರ್ ಇದ್ರೆ ದಿಕ್ಸೂಚಿ ಸುಳ್ಳು ಹೇಳುತ್ತೆ, ತೆಗೆದಿಟ್ಟು ಫೋನನ್ನ ಎಂಟರಾಕಾರದಲ್ಲಿ ಆಡಿಸಿ. ಕಡೂರಿನವರು ಹೇಳಿದ ಅಯಸ್ಕಾಂತಗಳಿಂದಲೂ ದೂರ ಇರಿ!

ರೈಟ್‌ಇನ್ನರ್ (ಹಾಸನ)
ಸರಿ, ಮುಳ್ಳಯ್ಯನಗಿರಿ ಮೇಲೆ ಹೋಗಿ ಇಟ್ರೆ ಹೇಗೆ? ಎತ್ತರ, ಕತ್ತಲೆ.

ಕಡೂರ್‌ತೆಂಗು
ರಾತ್ರಿ ಗಿರಿಗೆ ಬಿಡಲ್ಲ. ಬಿಟ್ರೂ ಬೇಡ. ಎಲ್ಲರೂ ಮೇಲೆ ಹತ್ತೋದನ್ನೇ ಯೋಚಿಸ್ತಾರೆ. ಪಶ್ಚಿಮದಿಂದ ಬರೋ ತೇವದ ಗಾಳಿ ಆ ಗಿರಿಸಾಲಿಗೆ ಬಡಿದು ಅಲ್ಲೇ ಮೋಡ ಕಟ್ಟುತ್ತೆ, ಚಳಿಗಾಲದಲ್ಲೂ ರಾತ್ರಿ ಮಂಜು ಕವಿಯುತ್ತೆ, ಗಾಳಿಗೆ ಕೊಳವೆ ನಿಲ್ಲಲ್ಲ. ಅದೇ ಸಾಲಿನ ಪೂರ್ವಕ್ಕೆ ಇಳಿದು ಬನ್ನಿ. ಸಖರಾಯಪಟ್ಟಣ, ಕಡೂರು, ಬಾಣಾವರ, ಜಾವಗಲ್, ಅರಸೀಕೆರೆ, ಎಲ್ಲ ಮಳೆನೆರಳಿನ ಬಯಲು. ಗಾಳಿ ಒಣ, ದಿಗಂತ ಬಯಲು, ಮೋಡ ಬೇಗ ಬಿಡುತ್ತೆ. ಊರ ಹೊರಗಿನ ಗೊತ್ತಿದ್ದವರ ಜಮೀನು ಸಾಕು. ಹಾಸನದಿಂದ ಅರಸೀಕೆರೆ ದಾರಿ ದೂರವೂ ಅಲ್ಲ.

ದಕ್ಷಿಣ ದಿಗಂತ ತೆರೆದಿರೋ ಜಾಗ ನೋಡಿ. ಯುರೋಪಿನ ಬಹುಪಾಲು ಜನರಿಗೆ ಸಿಗದೇ ಇರೋದು ನಮಗೆ ಅಲ್ಲೇ ಇರೋದು. ಏಪ್ರಿಲ್–ಮೇ ರಾತ್ರಿ ಒಮೆಗಾ ಸೆಂಟೌರಿ ನಕ್ಷತ್ರ ಗುಚ್ಛ ನಮಗೆ ಸುಮಾರು 30 ಡಿಗ್ರಿ ಎತ್ತರಕ್ಕೆ ಬರುತ್ತೆ. 130 ಎಂಎಂನಲ್ಲಿ 65 ಪಟ್ಟು ಹಾಕಿದ್ರೆ ರವೆ ಚೆಲ್ಲಿದ ಹಾಗೆ. ಅಗಸ್ತ್ಯ ನಕ್ಷತ್ರ ಜನವರಿ–ಫೆಬ್ರವರಿಯಲ್ಲಿ 24 ಡಿಗ್ರಿ ಎತ್ತರ.

ಬಿಕ್ಕೋಡುಕಾಫಿ
ಸಕಲೇಶಪುರ, ಆಲೂರು, ಬೇಲೂರಿನ ಬಿಕ್ಕೋಡು ಕಡೆಯವರು ತೋಟದಲ್ಲಿ ರಾತ್ರಿ ಟೆಲಿಸ್ಕೋಪ್ ಇಡೋ ಯೋಚನೆ ಬಿಡಿ. ಆನೆ ಇದೆ. ಅರಣ್ಯ ಇಲಾಖೆಯ ಎಚ್ಚರಿಕೆ ಸಂದೇಶ ನೋಡದೆ ಅಂಗಳ ದಾಟಬೇಡಿ. ದೀಪ ಆರಿಸಿ ಕಣ್ಣು ಕತ್ತಲೆಗೆ ಹೊಂದಿಸ್ಕೊಂಡು ಐಪೀಸಿಗೆ ಕಣ್ಣಿಟ್ಟು ನಿಂತಿರೋನಿಗೆ ಹಿಂದೆ ಏನು ಬಂತು ಅಂತ ಗೊತ್ತಾಗಲ್ಲ. ಮನೆಯ ತಾರಸಿಯೇ ಲೇಸು. ಡಿಸೆಂಬರ್ ಮೇಲೆ ಕಣದಲ್ಲಿ ಕಾಫಿ ಒಣಗಿಸೋ ಕಾಲ, ಕಾವಲಿನ ಲೈಟು ರಾತ್ರಿಯಿಡೀ ಉರಿಯುತ್ತೆ, ಅದಕ್ಕೆ ಬೆನ್ನು ಮಾಡಿ ಕೂರ್ಬೇಕು.

ತಾರಸಿಯಲ್ಲೂ ಒಂದು ತೊಡಕು: ಕಾಂಕ್ರೀಟ್ ಹಗಲ ಬಿಸಿಯನ್ನ ರಾತ್ರಿ ಹತ್ತರವರೆಗೂ ಬಿಡ್ತಾ ಇರುತ್ತೆ, ಗ್ರಹ ಕುದಿಯೋ ನೀರಲ್ಲಿ ನೋಡಿದಂಗೆ ಅಲುಗುತ್ತೆ. ತಡವಾಗಿ ನೋಡಿ. ಕೊಳವೆನೂ ಅರ್ಧ ಗಂಟೆ ಮುಂಚೆ ಹೊರಗಿಟ್ಟು ತಣ್ಣಗಾಗೋಕೆ ಬಿಡಿ.

ಸಾಲಗಾಮೆರಸ್ತೆ
ಈ ವರ್ಷದ (2026) ಲೆಕ್ಕಕ್ಕೆ: ಶುಕ್ರ ಅಕ್ಟೋಬರ್ ಮೊದಲ ವಾರದವರೆಗೆ ಸಂಜೆ ಪಶ್ಚಿಮದಲ್ಲಿ, ದಿನೇ ದಿನೇ ತೆಳು ಬಿದಿಗೆ ಚಂದ್ರನ ಆಕಾರಕ್ಕೆ ಬರುತ್ತೆ. ಶನಿ ಅಕ್ಟೋಬರ್ 4ಕ್ಕೆ ಸೂರ್ಯನಿಗೆ ನೇರ ಎದುರು, ರಾತ್ರಿಯಿಡೀ ಕಾಣುತ್ತೆ. ಬಳೆ 2025ರ ಮಾರ್ಚ್‌ನಲ್ಲಿ ಅಂಚು ತಿರುಗಿಸಿತ್ತು, ಈಗ ಮೆಲ್ಲಗೆ ತೆರೆಯುತ್ತಿದೆ, ಇನ್ನೂ ತೆಳುವಾಗೇ ಇರುತ್ತೆ. ಗುರು, ಮಂಗಳ ಎರಡೂ ಸೂರ್ಯನಿಗೆ ಎದುರು ಬರೋದು 2027ರ ಫೆಬ್ರವರಿಯಲ್ಲಿ. ಚಂದ್ರನನ್ನ ಹುಣ್ಣಿಮೆಗೆ ನೋಡಬೇಡಿ, ನೆರಳಿಲ್ಲದೆ ಸಪ್ಪೆ. ಪಂಚಮಿಯಿಂದ ದಶಮಿಯೊಳಗೆ ಬೆಳಕು ಕತ್ತಲೆ ಸೇರೋ ಗೆರೆ ಉದ್ದಕ್ಕೂ ಕುಳಿಗಳು ಎದ್ದು ಕಾಣ್ತವೆ. ದೀಪಾವಳಿ ಅಮಾವಾಸ್ಯೆ ಕತ್ತಲೆ ಅಂತ ಕಾದು ಕೂತ್ರೆ ಪಟಾಕಿ ಹೊಗೆ.

ಹಾಸನದವರಿಗೆ ಇನ್ನೊಂದು ಆಟ. ಇಲ್ಲಿನ ಇಸ್ರೋದ ಎಂಸಿಎಫ್ (ಉಪಗ್ರಹ ನಿಯಂತ್ರಣ ಕೇಂದ್ರ) 1982ರಿಂದ ನೋಡ್ಕೊಳ್ತಿರೋ ಜಾತಿಯ ಭೂಸ್ಥಿರ (ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣೋ) ಉಪಗ್ರಹಗಳನ್ನ ನೀವೇ ಹಿಡೀಬಹುದು. ನಮ್ಮಿಂದ ನೋಡಿದ್ರೆ ಅವು ಆಕಾಶದ ವಿಷುವದ್ವೃತ್ತಕ್ಕಿಂತ (ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿರೋ ಗೆರೆ) ಎರಡು ಡಿಗ್ರಿ ಚಿಲ್ಲರೆ ದಕ್ಷಿಣದ ಸಾಲಲ್ಲಿ ಇರ್ತವೆ. ಕತ್ತಲೆ ಜಾಗದಲ್ಲಿ, ಮಾರ್ಚ್ ಅಥವಾ ಅಕ್ಟೋಬರ್ ಆಸುಪಾಸು, 130 ಎಂಎಂ ಡಾಬ್ಸೋನಿಯನ್ ಆ ಕಡೆ ತಿರುಗಿಸಿ ಮುಟ್ಟದೆ ಬಿಡಿ. ನಕ್ಷತ್ರಗಳೆಲ್ಲ ಒಂದು ಕಡೆಗೆ ಸರೀತಾ ಹೋಗ್ತವೆ, ಒಂದು ಮಸುಕು ಚುಕ್ಕಿ ಮಾತ್ರ ಅಲ್ಲೇ ನಿಂತಿರುತ್ತೆ. ಅದೇ ಅದು.

ಪ್ಯಾಡ್ಸ್‌ಕಟ್ಟು
ಹಗಲಲ್ಲಿ ಸೂರ್ಯನ ಕಡೆ ಯಾವ ಕಾರಣಕ್ಕೂ ತಿರುಗಿಸಬಾರದು, ಇದನ್ನ ಹುಡುಗಿಗೆ ಮೊದಲ ದಿನವೇ ಹೇಳಿ. ಐಪೀಸಿಗೆ ತಿರುಗಿಸೋ ಕಪ್ಪು ಸೂರ್ಯ ಫಿಲ್ಟರ್ ಹಳೆ ಸೆಟ್‌ಗಳಲ್ಲಿ ಸಿಗುತ್ತೆ, ಕಸದ ಬುಟ್ಟಿಗೆ ಹಾಕಿ. ಬಿಸಿಗೆ ಸೀಳಿದ್ರೆ ಕಣ್ಣು ಹೋಗೋಕೆ ಕ್ಷಣ ಸಾಕು. ಸೌರ ಫಿಲ್ಟರ್ ಏನಿದ್ರೂ ಕೊಳವೆಯ ಮುಂಬಾಯಿಗೆ.

ಕೆಂಪು ಚುಕ್ಕಿ ಫೈಂಡರ್ ಹೊಂದಿಸೋದು ಹಗಲಲ್ಲೇ, ಒಂದು ಕಿ.ಮೀ.ಗಿಂತ ದೂರದ ಟವರ್ ತುದಿಗೆ. ಎದುರು ಮನೆ ಆಂಟೆನಾಗೆ ಹೊಂದಿಸಿದ್ರೆ ರಾತ್ರಿ ಚಂದ್ರನೇ ಸಿಗಲ್ಲ. ನೋಡಿ ಮುಗಿದ ಮೇಲೆ ಅದನ್ನ ಆಫ್ ಮಾಡಿ, ಒಂದು ಸಿಆರ್2032 ಜೊತೆಗಿರ್ಲಿ.

ರೈಟ್‌ಇನ್ನರ್ (ಹಾಸನ)
ಹಾಗಾದ್ರೆ ಟೇಬಲ್‌ಟಾಪ್ 130, ಮಳೆ ನಿಂತ ಮೇಲೆ. ಇನ್ನೊಂದೇ ಪ್ರಶ್ನೆ: ಆಗಸ್ಟ್‌ನಲ್ಲಿ ಮ್ಯಾಚ್ ನೋಡುವಾಗ ಕರೆಂಟ್ ಹೋಗುತ್ತೆ, ವೈಫೈ ಹೋಗುತ್ತೆ. ಫೋನ್ ಡೇಟಾ ಮೇಲೆ ಎಷ್ಟು ಖರ್ಚು?

ಹೇಮಾವತಿಎಡದಂಡೆ
15 ನಿಮಿಷದ ನಾಲ್ಕು ಕ್ವಾರ್ಟರ್, ಮಧ್ಯೆ ಬಿಡುವು, ರೆಫರಲ್ (ವಿಡಿಯೋ ಅಂಪೈರ್ ಪರಿಶೀಲನೆ) ಎಲ್ಲ ಸೇರಿ ಒಂದೂವರೆ ಗಂಟೆ ಹಿಡೀರಿ. 1080ರಲ್ಲಿ ಮೂರು ಜಿಬಿ ದಾಟಬಹುದು, ದಿನಕ್ಕೆ ಎರಡು ಜಿಬಿ ಪ್ಲಾನ್ ಇರೋರು 720ಕ್ಕೆ ಇಳಿಸಿ. ಪರದೆ 120 ಹರ್ಟ್ಸ್ ಇದ್ರೆ ಬ್ಯಾಟರಿ ಉಳಿಸೋಕೆ 60ಕ್ಕೆ ಹಾಕಿ, ಪ್ರಸಾರದಲ್ಲಿ ಅಷ್ಟು ಫ್ರೇಮೇ ಇರಲ್ಲ. ಕಣಿವೆ ಕಡೆಯವರು ಫೋನ್ ಕೊಳ್ಳುವಾಗ ಬಿ5, ಬಿ8, ಎನ್28 ಬ್ಯಾಂಡ್ ಇದೆಯಾ ನೋಡಿ. ಕಡಿಮೆ ಆವರ್ತನದ ಇವೇ ಗುಡ್ಡ, ಮರ ದಾಟಿ ಬರೋದು. ವಿಶ್ವಕಪ್ ನಡೆಯೋ ವಾವ್ರ್ (ಬೆಲ್ಜಿಯಂ), ಆಮ್ಸ್ಟೆಲ್‌ವೇನ್ (ನೆದರ್ಲೆಂಡ್ಸ್) ಎರಡೂ ಕಡೆ ಆಗಸ್ಟ್‌ನಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿ ಸಂಜೆ ಎಂಟರ ಆಟ ಇಲ್ಲಿ ರಾತ್ರಿ ಹನ್ನೊಂದೂವರೆಗೆ, ಪವರ್ ಬ್ಯಾಂಕ್ ಮಧ್ಯಾಹ್ನವೇ ಚಾರ್ಜಿಗೆ ಹಾಕಿಡಿ.

ಮೂಡಿಗೆರೆಮಂಜು
ಫೋನ್ ನೆನೆದು ಚಾರ್ಜಿಂಗ್ ತೂತಲ್ಲಿ ತೇವ ಅಂತ ತೋರಿಸಿದ್ರೆ ಅಕ್ಕಿ ಡಬ್ಬಿಗೆ ಹಾಕಬೇಡಿ, ಪುಡಿ ಒಳಗೆ ಹೋಗುತ್ತೆ. ತೂತು ಕೆಳಗೆ ಮಾಡಿ ತಟ್ಟಿ, ಫ್ಯಾನ್ ಎದುರು ಇಡಿ.